ಇಪ್ಪತ್ನಾಲ್ಕು ಸಂದಿಗಳ ಕಾವಲುಗಾರ

ಶುಕ್ರವಾರ, ಬೆಳಗಿನ ಐದೂವರೆ. ದೇಶದ ಅತಿ ದೊಡ್ಡ ಕ್ರೀಡಾಂಗಣದ ಮೇಲಿನ ಗ್ಯಾಲರಿಯಲ್ಲಿ ಸಂದಿಮಾಮ ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೊಕ್ಕೆ. ಅದನ್ನು ಎರಡು ಗ್ಯಾಲರಿಗಳ ನಡುವಿನ ಸಂದಿಗೆ ಇಳಿಸಬೇಕು, ಇಳಿಯುತ್ತಿಲ್ಲ. ಬೆರಳಾಡಿಸಿದರೆ ಹೊಸ ಸಿಮೆಂಟು, ಮೇಲೆ ನೀಲಿ ಬಣ್ಣ. ಪಕ್ಕದ ಸಂದಿಗೆ ಓಡುತ್ತಾರೆ. ಅಲ್ಲೂ ಸಿಮೆಂಟು. ಅದರಾಚೆಯದರಲ್ಲೂ. ಮೂವತ್ತೊಂದು ವರ್ಷ ಇಲ್ಲೇ ಸವೆದ ಮನುಷ್ಯ ಇಂಥದ್ದನ್ನು ಕಂಡಿಲ್ಲ. ನಾಲ್ಕೇ ದಿನ ಅಕ್ಕನ ಮನೆಗೆ ಹೋಗಿದ್ದರು.

"ಬಿರುಕು ಬಿಟ್ಟಿತ್ತಲ್ಲ ಮಾಮ, ಎಲ್ಲಾ ಮುಚ್ಚಿಸಿಬಿಟ್ವಿ. ಭಾನುವಾರ ಫೈನಲ್ಲು, ಟೀವಿಯವರು ಬರ್ತಾರೆ. ಚೆನ್ನಾಗಿ ಕಾಣ್ತಿದೆ ಅಲ್ವಾ?" ಎಂದು ನವೀಕರಣದ ಮೇಸ್ತ್ರಿ ಹೆಮ್ಮೆಯಿಂದ ಕೇಳುತ್ತಾನೆ. ಮಾಮ ಕೊಕ್ಕೆಯ ತುದಿಯಿಂದ ಸಿಮೆಂಟನ್ನು ಕೆರೆದು ನೋಡುತ್ತಾರೆ.

ದೂರದಿಂದ ಒಂದೇ ಬಳೆಯಂತೆ ಕಾಣುವ ಈ ಕ್ರೀಡಾಂಗಣ ನಿಜಕ್ಕೂ ಇಪ್ಪತ್ನಾಲ್ಕು ತುಂಡು. ಐವತ್ತು ವರ್ಷದ ಹಿಂದೆ ಇದನ್ನು ಕಟ್ಟಿಸಿದ ಎಂಜಿನಿಯರು ತುಂಡುಗಳ ನಡುವೆ ಎರಡು ಬೆರಳಗಲ ಜಾಗ ಬಿಟ್ಟರು. ಬಿಸಿಲಿಗೆ ಕಾಂಕ್ರೀಟು ಹಿಗ್ಗಬೇಕು, ಎಂಬತ್ತು ಸಾವಿರ ಜನ ಕುಣಿದಾಗ ಕೊಂಚ ಅಲುಗಾಡಬೇಕು. ಜಾಗ ಸಿಗದಿದ್ದರೆ ಒಂದನ್ನೊಂದು ಒತ್ತಿ ಅಂಚು ಒಡೆಯುತ್ತದೆ. ಸಂದಿಗೆ ಬಿದ್ದ ಕಲ್ಲು, ಬಾಟಲಿ ಮುಚ್ಚಳ, ಯಾರದೋ ಮನೆಯ ಬೀಗದ ಕೈ ತೆಗೆಯುವುದೇ ಮಾಮನ ಕೆಲಸ. ದಿನಕ್ಕೆ ಆರು ಸಂದಿ, ಒಂದೊಂದಕ್ಕೂ ನೂರ ಹನ್ನೆರಡು ಮೆಟ್ಟಿಲು. ಕಚೇರಿಯ ಪುಸ್ತಕದಲ್ಲಿ ಮಾತ್ರ ಅವರು ಕಸ ಗುಡಿಸುವವರು.

"ಸೇರಿದ ವರ್ಷ ಒಂದು ಸಂದಿ ಬಿಟ್ಬಿಟ್ಟೆ. ಮೊಳದುದ್ದ ಜಲ್ಲಿ ತುಂಬ್ಕೊಂಡಿತ್ತು, ಅಷ್ಟೇ. ಆಟದ ನಡುವೆ ಕುಂಬಳಕಾಯಿ ಗಾತ್ರದ ತುಂಡು ಕೆಳಗಿನ ಕುರ್ಚಿ ಮೇಲೆ ಬಿತ್ತು. ಕುರ್ಚಿ ಪುಡಿ. ಅಲ್ಲಿದ್ದೋರು ಗೋಲು ಬಿತ್ತೂಂತ ಎದ್ದು ಕುಣೀತಿದ್ರು, ಬದುಕ್ಕೊಂಡ್ರು. ಈಗ ಇಪ್ಪತ್ನಾಲ್ಕೂ ತುಂಬಿದೆ. ನಾನು ಹೇಗೆ ಸುಮ್ನಿರ್ಲಿ ಹೇಳಿ?" ಎನ್ನುತ್ತಾರೆ ಮಾಮ.

ಸುಮ್ಮನಿರುವುದಿಲ್ಲ. ಮೇಸ್ತ್ರಿಯ ಕೈ ಹಿಡಿದು ಪೂರ್ವದ ಗ್ಯಾಲರಿಗೆ ಎಳೆದೊಯ್ಯುತ್ತಾರೆ. ಎರಡು ದಿನದ ಬಿಸಿಲಿಗೇ ಅಲ್ಲಿ ಅಂಚು ಸಿಡಿದು, ಒಳಗಿನ ಕಂಬಿ ಇಣುಕುತ್ತಿದೆ. "ನನ್ನ ಹೆಂಡ್ತಿ ಮಕ್ಕಳಿಗೂ ಇಲ್ಲೇ ಟಿಕೆಟ್ ತಗೊಂಡಿದೀನಿ ಮಾಮ" ಎನ್ನುತ್ತಾ ಉಳಿಗೆ ಮೊದಲು ಕೈ ಹಾಕುವವನು ಅವನೇ. ಹನ್ನೆರಡು ಜನ ಸೇರಿ ಸಿಮೆಂಟು ಕುಟ್ಟಿ ತೆಗೆಯುತ್ತಾರೆ. ಒಡೆದ ಅಂಚಿನ ಕೆಳಗಿನ ಸಾಲುಗಳಿಗೆ ಹಗ್ಗ ಕಟ್ಟಿ ಜನ ಬಾರದಂತೆ ಮಾಡುತ್ತಾರೆ. ಭಾನುವಾರ ಮಧ್ಯಾಹ್ನ ಕೊನೆಯ ಸಂದಿ ತೆರೆದುಕೊಳ್ಳುತ್ತದೆ.

ಸಂಜೆ ಮೇಲೆ ಜನ ಕುಣಿಯುವಾಗ ಮಾಮ ಗ್ಯಾಲರಿಯ ಅಡಿಯಲ್ಲಿ, ಸಂದಿಯ ಅಂಚಿಗೆ ಅಂಗೈಯಿಟ್ಟು ಕುಳಿತಿದ್ದಾರೆ. ಅಷ್ಟು ದೊಡ್ಡ ಕಟ್ಟಡ ಅಂಗೈಯಡಿ ಅಲುಗುವುದನ್ನು ಕಂಡರೆ ಹೊಸಬರ ಎದೆ ಧಸಕ್ಕೆನ್ನುತ್ತದೆ. ಮಾಮ ಮಾತ್ರ ಈಗಲೇ ನೆಮ್ಮದಿಯಾಗಿ ಉಸಿರು ಬಿಡುತ್ತಿದ್ದಾರೆ.

ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಅವರ ಜಾಗಕ್ಕೆ ಯಾರೆಂದು ಕಚೇರಿಯಲ್ಲಿ ಕೇಳಿದರೆ, ಗುಡಿಸುವ ಯಂತ್ರ ಬಂದಿದೆ, ಆಳು ಬೇಕಿಲ್ಲ ಎಂಬ ಉತ್ತರ ಬರುತ್ತದೆ. ಮಾಮ ಅದನ್ನು ಆಗಲೇ ಬಲ್ಲರು.

"ಸನ್ಮಾನ ಗಿನ್ಮಾನ ಏನೂ ಬೇಡ. ಒಂದೊಂದು ಸಂದಿ ಪಕ್ಕನೂ ಒಂದು ಸಾಲು ಬರೆಸಿದ್ರೆ ಸಾಕು, 'ಇದನ್ನ ಬೇಕಂತಲೇ ಬಿಟ್ಟಿದೆ' ಅಂತ. ನಾನಿಲ್ಲದಾಗ ಯಾರಾದ್ರೂ ಸಿಮೆಂಟ್ ಹಿಡ್ಕೊಂಡು ಬಂದ್ರೆ, ಓದ್ಕೊಂಡು ವಾಪಸ್ ಹೋಗ್ಲಿ."