ನಯವಾದ ಗೆರೆಯನ್ನು ನಂಬದ ನಮ್ಮ ಸುನಂದಮ್ಮನವರು

ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರ ಮಿದುಳಿನ ಅಲೆಗಳನ್ನಷ್ಟೇ ಹಿಡಿಯುವುದಿಲ್ಲ. ರೆಪ್ಪೆ ಮಿಟುಕಿದ್ದು, ಹಲ್ಲು ಕಚ್ಚಿದ್ದು, ತಲೆಗೆ ಅಂಟಿಸಿದ ವೈರು ಅಲುಗಿದ್ದು, ಗೋಡೆಯೊಳಗಿನ ಕರೆಂಟಿನ ಪ್ರಭಾವ, ಎಲ್ಲವೂ ಅದರ ಗೆರೆಗಳಲ್ಲಿ ಕಲೆತು ಬರುತ್ತವೆ. ಇವನ್ನು ಸೋಸಿದ ಮೇಲೆಯೇ ವೈದ್ಯರು ಓದಬೇಕು. ಈ ಸೋಸುವ ವಿದ್ಯೆಗೆ ನಮ್ಮ ಸೀಮೆಯಲ್ಲಿ ಗೌರವದ ಸ್ಥಾನವನ್ನು ತಂದುಕೊಟ್ಟವರು ಪ್ರೊ. ಬಿ. ಎಂ. ಸುನಂದಮ್ಮನವರು. ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಮೊದಲು ಅವರ ವಿದ್ಯಾರ್ಥಿನಿಯಾಗಿ, ಅನಂತರ ಸಹೋದ್ಯೋಗಿಯಾಗಿ ಹತ್ತಿರದಿಂದ ಕಂಡದ್ದನ್ನು ಬರೆಯುವ ಅವಕಾಶ ನನ್ನದಾಗಿದೆ.

ಬೆಟ್ಟದಪುರದ ಹೊಗೆಸೊಪ್ಪು ಬೆಳೆಯುವ ಮನೆತನದಲ್ಲಿ ಹುಟ್ಟಿದ ಮೇಡಂ, ಪಿರಿಯಾಪಟ್ಟಣದಲ್ಲಿ ಓದಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಅಲ್ಲೇ ಅಧ್ಯಾಪಕಿಯಾದರು. ನಾನು ಹಂಪಾಪುರದಿಂದ ಮೊದಲ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದ ದಿನಗಳಲ್ಲಿ, ಪಾಠ ಶುರುವಾಗುವ ಮುಂಚೆ ನನ್ನ ಮುಖ ನೋಡಿ, "ತಿಂದು ಬಂದಿದ್ದೀಯೇನೇ ಪೂಜಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ತಮ್ಮ ಡಬ್ಬಿಯನ್ನು ನನ್ನ ಮುಂದೆ ತಳ್ಳಿ ಬೋರ್ಡಿನತ್ತ ತಿರುಗುತ್ತಿದ್ದರು. ತರಗತಿಯಲ್ಲಿ ಇಡ್ಲಿ ತಿನ್ನುತ್ತಾ ಫಿಲ್ಟರಿನ ಗಣಿತ ಕಲಿತವಳು ಬಹುಶಃ ನಾನೊಬ್ಬಳೇ.

ಇಇಜಿ ದಾಖಲೆಯನ್ನು ತಾನಾಗಿಯೇ ಸೋಸುವ ಅವರ ಪ್ರೋಗ್ರಾಂ ಹೊರಬಂದಾಗ ಸುತ್ತಲಿನ ಚಿಕಿತ್ಸಾಲಯಗಳಿಗೆ ಬಲು ಅನುಕೂಲವಾಯಿತು. ಗಲೀಜು ಗೆರೆಗಳು ಒಳಗೆ ಹೋಗಿ ನಯವಾದ ಗೆರೆಗಳು ಹೊರಬರುತ್ತಿದ್ದವು. ಅದನ್ನು ಇನ್ನೂ ಅನೇಕ ಆಸ್ಪತ್ರೆಗಳಿಗೆ ಕೊಡುವ ಮಾತುಕತೆ ಮುಗಿಯುವ ಹಂತದಲ್ಲಿದ್ದಾಗಲೇ, ಹುಣಸೂರಿನ ಮೂರ್ಛೆರೋಗದ ಶಿಬಿರದಲ್ಲಿ ನಾನು ಮರೆಯಲಾರದ ಆ ಘಟನೆ ನಡೆಯಿತು.

ಶಿಬಿರವನ್ನು ನಡೆಸುತ್ತಿದ್ದವರು ನರರೋಗ ತಜ್ಞರಾದ ಡಾ. ಚೇತನ್‌ಕುಮಾರ್. ಯಂತ್ರ ಪರೀಕ್ಷಿಸಲೆಂದು ಮೇಡಂ ಜೊತೆ ನಾನೂ ಹೋಗಿದ್ದೆ. ಅಂತರಸಂತೆಯ ಆಚೆ ಕಾಡಂಚಿನ ಆದಿವಾಸಿ ಹಾಡಿಯಿಂದ ಕೆಂಪಿ ಎಂಬ ಹೆಂಗಸು ತನ್ನ ಪುಟ್ಟ ಮೊಮ್ಮಗಳು ಶೋಭಾಳನ್ನು ಎತ್ತಿಕೊಂಡು ಬಂದಿದ್ದಳು. ಮಗುವಿಗೆ ಒಮ್ಮೆ ಕೈ ಸೆಳೆತ ಬಂದಿತ್ತು. ಪಟ್ಟಣದ ಚಿಕಿತ್ಸಾಲಯವೊಂದು ಇಇಜಿ ತೆಗೆದು, ಮಿದುಳಿನ ಎಲ್ಲ ಭಾಗದಲ್ಲೂ ರೋಗವಿದೆಯೆಂದು ಎರಡು ಬಗೆಯ ಔಷಧಿ ಬರೆದಿತ್ತು. ಅಂದಿನಿಂದ ಮಗು ಸದಾ ತೂಕಡಿಸುತ್ತಿತ್ತು. ಕಲಿತಿದ್ದ ಮಾತನ್ನೂ ಬಿಟ್ಟಿತ್ತು. ತಂದೆತಾಯಿ ಕೂಲಿಗೆ ಕೊಡಗಿನ ತೋಟಕ್ಕೆ ಹೋಗಿದ್ದರು.

ಹಳೆಯ ದಾಖಲೆಯಲ್ಲಿ ಅಲೆಗಳು ಒಂದರ ಹಿಂದೊಂದು ಒಂದೇ ಲಯದಲ್ಲಿ ಎದ್ದು ನಿಂತಿದ್ದವು. ಡಾಕ್ಟರು ಔಷಧಿ ಹೆಚ್ಚಿಸುವ ಯೋಚನೆಯಲ್ಲಿದ್ದರು. ಆ ದಾಖಲೆಯನ್ನು ಸೋಸಿದ್ದು ಮೇಡಂ ಅವರ ಪ್ರೋಗ್ರಾಮೇ. ಅವರು ಬಹಳ ಹೊತ್ತು ಪರದೆ ನೋಡಿ, "ಇಷ್ಟು ನಯವಾಗಿ ಬರಬಾರದು. ಸೋಸದೇ ಇರೋದನ್ನ ತರಿಸಿ" ಎಂದರು.

ಸೋಸದ ದಾಖಲೆ ಬಂದಾಗ, ಪ್ರತಿ ಅಲೆಯ ಬುಡದಲ್ಲೂ ಚೂಪಾದ ಜರ್ಕೊಂದು ಕಾಣಿಸಿತು. ಯಾವುದೋ ಕುಲುಕಾಟದ ಗುರುತು ಅದು. ಪ್ರೋಗ್ರಾಂ ಆ ಜರ್ಕನ್ನು ಉಜ್ಜಿ ತೆಗೆದು ದುಂಡನೆಯ ಅಲೆಯನ್ನು ಉಳಿಸಿತ್ತು. ಮೇಡಂ ಕೆಂಪಿಯ ಪಕ್ಕದಲ್ಲಿ ಹೋಗಿ ಕುಳಿತರು.

"ಅವತ್ತು ವೈರು ಹಾಕಿದ್ದಾಗ ನೀವು ಏನು ಮಾಡ್ತಿದ್ರಿ, ಕೆಂಪಮ್ಮ?"

"ಅಳ್ತಿತ್ತು ಕಣವ್ವ. ಮಲಗಿಸ್ಬೇಕು ಅಂತ ಅವ್ರೇ ಅಂದ್ರು. ಬೆನ್ನು ತಟ್ತಿದ್ದೆ."

ಮಗುವಿಗೆ ಮತ್ತೆ ಇಇಜಿ ಮಾಡಲಾಯಿತು. ಕೆಂಪಿ ತಟ್ಟಿದಾಗ ಅದೇ ಅಲೆ ಎದ್ದಿತು, ಕೈ ತೆಗೆದಾಗ ಅಡಗಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಮೇಡಂ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಆ ದೊಡ್ಡ ಅಲೆಗಳು ಹೋದ ಜಾಗದಲ್ಲಿ, ಬಲಭಾಗದ ಒಂದು ಕಡೆ, ಅದುವರೆಗೆ ಮುಚ್ಚಿಹೋಗಿದ್ದ ಸಣ್ಣ ಚೂಪು ಅಲೆಗಳು ಆಗಾಗ ತಲೆಯೆತ್ತುತ್ತಿದ್ದವು.

"ಇದು ನಿಜವಾದದ್ದು ಮೇಡಂ" ಎಂದರು ಡಾಕ್ಟರು.

ರೋಗವಿತ್ತು, ಆದರೆ ಅದು ಬೇರೆಯದು, ಚಿಕ್ಕದು. ಆ ಎರಡು ಔಷಧಿಗಳನ್ನು ಕ್ರಮೇಣ ನಿಲ್ಲಿಸಿ ಬೇರೊಂದನ್ನು ಸಣ್ಣ ಪ್ರಮಾಣದಲ್ಲಿ ಕೊಡಬೇಕೆಂದು ಡಾಕ್ಟರು ವಿವರಿಸಿದರು. ಕೆಂಪಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು.

"ಅಂಗಾರೆ ನಾನು ತಟ್ಟಿದ್ದಕ್ಕೇ ಮಗೀಗೆ ಇಂಗಾಯ್ತಾ?"

"ಇಲ್ಲ ಕಣಮ್ಮ. ನಾನು ಮಾಡಿಕೊಟ್ಟ ಪ್ರೋಗ್ರಾಮು ನಿಮ್ಮ ಕೈಯನ್ನ ಅಳಿಸಿಬಿಟ್ಟು ಅಲೆ ಮಾತ್ರ ಉಳಿಸ್ತು. ತಪ್ಪು ನಂದು" ಎಂದರು ಮೇಡಂ. ಕೋಣೆಯಲ್ಲಿ ಡಾಕ್ಟರಿದ್ದರು, ನಾನಿದ್ದೆ, ಸರದಿಗೆ ಕಾದವರಿದ್ದರು. ಮೇಡಂ ದನಿ ತಗ್ಗಿಸಲಿಲ್ಲ.

ಕೆಂಪಿ ಸೆರಗಿನಿಂದ ಒಂದು ಕೈ ಹೊರತೆಗೆದು ಕೇಳಿದಳು: "ಈಗ ತಟ್ಬೋದಾ?"

"ತಟ್ಟಿ."

ಮೈಸೂರಿಗೆ ಮರಳಿದ ಮೇಲೆ ಮೇಡಂ ಪ್ರೋಗ್ರಾಮನ್ನು ಎಲ್ಲ ಕಡೆಯಿಂದ ಹಿಂದಕ್ಕೆ ಪಡೆದರು. ಕೈಪಿಡಿಯಲ್ಲಿ ಎಚ್ಚರಿಕೆಯ ಸಾಲೊಂದನ್ನು ಸೇರಿಸಿದರೆ ಸಾಕೆಂದು ಹಲವರು ಸಲಹೆ ಕೊಟ್ಟರು, ನಾನೂ ಕೊಟ್ಟೆ. "ಅದನ್ನ ಓದೋರು ಯಾರು ಕಣೇ?" ಎಂದಷ್ಟೇ ಅಂದರು. ಹೊಸ ಆಸ್ಪತ್ರೆಗಳ ಮಾತುಕತೆ ಮುರಿದುಬಿತ್ತು. ಆ ಬಳಿಕ ಅವರು ವರ್ಷಗಟ್ಟಲೆ ಕುಳಿತು ಅದನ್ನು ಮತ್ತೆ ಕಟ್ಟಿದರು. ಈಗ ಅದು ಸೋಸುವ ಮುಂಚಿನ ಗೆರೆ, ಸೋಸಿದ ಗೆರೆ, ತೆಗೆದುಹಾಕಿದ ಅಂಶ, ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ನೋಡಲು ಮೊದಲಿನಷ್ಟು ಚೆಂದವಿಲ್ಲ. ಹುಣಸೂರು, ಕೆ.ಆರ್. ನಗರಗಳ ಕಡೆಯ ವೈದ್ಯರು ಅದನ್ನೇ ಬೇಕೆಂದು ಕೇಳುತ್ತಾರೆ.

ಶೋಭಾ ನಿಧಾನವಾಗಿ ಚೇತರಿಸಿಕೊಂಡಳು. ನಡುವೆ ಇನ್ನೊಮ್ಮೆ ಸೆಳೆತ ಬಂದು ಎಲ್ಲರನ್ನೂ ಗಾಬರಿಗೊಳಿಸಿದ್ದುಂಟು. ಕೆಲ ವರ್ಷಗಳ ಬಳಿಕ ಡಾಕ್ಟರು ಔಷಧಿಯನ್ನೂ ನಿಲ್ಲಿಸಿದರು. ಈಗ ಆಶ್ರಮ ಶಾಲೆಯಲ್ಲಿ ಓದುತ್ತಿದ್ದಾಳೆ; ಬಾಯಿ ಮುಚ್ಚುವುದೇ ಇಲ್ಲವೆಂದು ಅವಳ ಟೀಚರರ ದೂರು.

ನಿವೃತ್ತಿಯಾದ ಮೇಲೆ ಏನು ಮಾಡುವಿರೆಂದು ಮೊನ್ನೆ ಮೇಡಂ ಅವರನ್ನು ಕೇಳಿದೆ. "ನಗೋ ಮಗೂನ ದಾಖಲೆ ಇನ್ನೂ ಯಾರಿಗೂ ಸರಿಯಾಗಿ ಬಿಡಿಸೋಕೆ ಬಂದಿಲ್ಲ. ಮುಖದ ಸ್ನಾಯು ಎಲ್ಲಾನೂ ಮುಚ್ಚಾಕ್ಬುಡುತ್ತೆ. ಕೂತ್ಕಂಡು ನೋಡ್ಬೇಕು" ಎಂದರು. ಅದು ಬೇಗ ಮುಗಿಯುವ ಕೆಲಸವಲ್ಲವೆಂದು ಈ ವಿದ್ಯೆ ಬಲ್ಲವರೆಲ್ಲ ಹೇಳುತ್ತಾರೆ. ಅದು ಮುಗಿಯುವವರೆಗೂ ನಮ್ಮ ಗುರುಗಳಿಗೆ ಆಯುಸ್ಸು, ಆರೋಗ್ಯ, ಕಣ್ಣಿನ ಚುರುಕು ಇರಲಿ. ಮಕ್ಕಳು ಅವರೆದುರು ಬೇಕಾದಷ್ಟು ನಗಲಿ.