ಲೀಲಾಕ್ಷಿ ಮೇಡಂ ಹಿಂತೆಗೆದುಕೊಂಡ ವರದಿ

ಕರಿಕಲ್ಲಿನ ನೆಲದಡಿ ನೀರು ಎತ್ತ ಹರಿಯುತ್ತದೆ, ಕಾರ್ಖಾನೆಯ ಕೊಳೆ ಅದರೊಳಗೆ ಎಷ್ಟು ದೂರ ಸಾಗಿದೆ ಎಂದು ಕಂಡುಕೊಳ್ಳುವ ವಿದ್ಯೆಯಲ್ಲಿ ಪುಣೆಯ ಭೂವಿಜ್ಞಾನಿಗಳು ಮೊದಲು ನೆನೆಯುವ ಹೆಸರು ಶ್ರೀಮತಿ ಲೀಲಾಕ್ಷಿ ಅವರದು. ವಿಜಾಪುರದಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ಮೂವತ್ತೆರಡು ವರ್ಷ ನಮ್ಮ ಜಲಪರಿಶೋಧನ ಕಚೇರಿಯಲ್ಲಿ ದುಡಿದು, 2008ರ ಈ ಮಾರ್ಚಿನಲ್ಲಿ ನಿವೃತ್ತರಾದ ಅವರ ಕುರಿತು ನಾಲ್ಕು ಮಾತು ಬರೆಯುವ ಸುಯೋಗ ನನಗೆ ಒದಗಿದೆ. ಅವರ ಸಾಧನೆಗಳನ್ನು ಈ ಅಭಿನಂದನ ಸಂಪುಟದಲ್ಲಿ ನನಗಿಂತ ಹಿರಿಯರು ವಿವರಿಸಿದ್ದಾರೆ. ನಾನು ಬರೆಯುವುದು ಅವರ ಒಂದು ತಪ್ಪಿನ ಬಗ್ಗೆ, ಅದರ ಜೊತೆಗೂಡಿದ ನನ್ನ ತಪ್ಪಿನ ಬಗ್ಗೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

1995ರಲ್ಲಿ ನಾನು ಅವರ ಕೈಕೆಳಗೆ ಸೇರಿದೆ. ಧಾರವಾಡದಿಂದ ಆಗಷ್ಟೇ ಬಂದು, ಮರಾಠಿ ಬಾರದೆ ಬಾಯಿ ಮುಚ್ಚಿಕೊಂಡಿರುತ್ತಿದ್ದ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು, ಬಾವಿಯಿಂದ ಬಾವಿಗೆ ಹೋಗುವ ದಾರಿಯಲ್ಲೇ ಕಲ್ಲಿನ ಗುಣವನ್ನೂ ಮರಾಠಿಯ ಕ್ರಿಯಾಪದಗಳನ್ನೂ ಒಟ್ಟಿಗೆ ಕಲಿಸಿದರು. ಅವರ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ನನ್ನದೆಂಬುದು ಯಾರೂ ಹೇಳದೆಯೇ ನಿಶ್ಚಯವಾಗಿತ್ತು.

ಎರಡು ವರ್ಷದ ಬಳಿಕ ಪಿಂಪ್ರಿ-ಚಿಂಚವಾಡದ ಕಡೆಯ ಒಂದು ಕಾರ್ಖಾನೆಯ ಕೆಲಸ ನಮಗೆ ಬಂತು. ಲೋಹಕ್ಕೆ ಹೊಳಪು ಕೊಡುವ ಆ ಕಾರ್ಖಾನೆಯ ಕೊಳೆನೀರಿನ ಹೊಂಡ ಬಿರುಕುಬಿಟ್ಟು, ಕ್ರೋಮಿಯಂ ವಿಷ ನೆಲಕ್ಕಿಳಿದಿತ್ತು. ಅದು ಎಷ್ಟು ಹಬ್ಬಿದೆಯೆಂದು ತಿಳಿಯಲು ವೀಕ್ಷಣಾ ಬಾವಿಗಳನ್ನು, ಎಂದರೆ ನೀರಿನ ಮಾದರಿ ತೆಗೆಯಲೆಂದೇ ಕೊರೆಯುವ ಸಣ್ಣ ಕೊಳವೆಬಾವಿಗಳನ್ನು, ಎಲ್ಲೆಲ್ಲಿ ಹಾಕಬೇಕೆಂದು ಯೋಜಿಸಬೇಕಿತ್ತು. ಸುತ್ತಲಿನ ತೆರೆದ ಬಾವಿಗಳ ಮಟ್ಟ ಅಳೆದು, ಹರಿವು ಪಶ್ಚಿಮಕ್ಕೆ, ನದಿಯ ಕಡೆಗೆ ಎಂದು ಮೇಡಂ ತೀರ್ಮಾನಿಸಿದರು. ಹೋಲಿಕೆಗಾಗಿ ಹೊಂಡದ ಮೇಲ್ಗಡೆ ಒಂದು ಬಾವಿ, ಇಳಿಜಾರಿನ ಕಡೆ ಮೂರು. ಎಲ್ಲವೂ ನಲವತ್ತು ಅಡಿ. ಮೂರರಲ್ಲೂ ನೀರು ಶುದ್ಧವಾಗಿತ್ತು. ವಿಷ ಕಾರ್ಖಾನೆಯ ಗೋಡೆ ದಾಟಿಲ್ಲವೆಂದು ವರದಿ ಹೋಯಿತು.

ಕೊನೆಯ ಮಾದರಿ ತೆಗೆದ ದಿನ, ಪೂರ್ವದ ಕಡೆ ಕಾರ್ಮಿಕರು ವಾಸಿಸುವ ಕೇರಿಯಿಂದ, ಅಲ್ಲಿಯವರು ಬಸ್ತಿ ಎನ್ನುವಲ್ಲಿಂದ, ಯಾದಗಿರಿ ಕಡೆಯ ಮರೆಮ್ಮ ಎಂಬ ಹೆಂಗಸು ನನ್ನ ಬಳಿ ಬಂದಿದ್ದಳು.

"ನಮ್ಮ ಬೋರಿನ ನೀರು ಯಾಕ ತಗೋಳಂಗಿಲ್ರಿ ಸಾಹೇಬ್ರ? ಕೊಡದಾಗ ನಿಂತ್ರ ಅರಿಶಿಣ ಕಲಸಿದಂಗ ಕಾಣ್ತದ."

ಬಸ್ತಿ ಎತ್ತರದಲ್ಲಿತ್ತು; ವಿಷ ಅತ್ತ ಏರಲಾರದೆಂದುಕೊಂಡೆ. "ಪೈಪ್ ಹಳೇದದ, ತುಕ್ಕು ಬಂದಿರಬೇಕು. ಕುಡೀರಿ, ಏನಾಗಂಗಿಲ್ಲ" ಎಂದೆ.

ವರದಿ ಹೋಗಿ ಮೂರು ವಾರವಾದ ಮೇಲೆ ವಾಕಡದ ಇನ್ನೊಂದು ಕೆಲಸದಿಂದ ಹಿಂತಿರುಗುವಾಗ ಯಾವುದೋ ಮಾತಿಗೆ ಇದನ್ನು ಹೇಳಿದೆ. ಮೇಡಂ ಜೀಪು ತಿರುಗಿಸಲು ಹೇಳಿದರು. ಬೋರಿನ ನೀರನ್ನು ತಾವೇ ಎರಡು ಬಾಟಲಿಗೆ ತುಂಬಿದರು, ಪರೀಕ್ಷೆಯ ಫಲ ಬರುವ ತನಕ ಕುಡಿಯಬೇಡಿರೆಂದು ಮನೆಮನೆಗೆ ಹೇಳಿದರು.

ಕ್ರೋಮಿಯಂ ಮಿತಿಗಿಂತ ಇಪ್ಪತ್ತು ಪಟ್ಟು ಹೆಚ್ಚಿತ್ತು. ಬಂಡೆಯ ಆಳದ ಸೀಳೊಂದು ಹೊಂಡದ ಕೆಳಗಿನಿಂದ ಪೂರ್ವಕ್ಕೆ ಹಾಯ್ದಿತ್ತು. ದಿನವಿಡೀ ಓಡುವ ಬಸ್ತಿಯ ಪಂಪು ಅದರ ಮೂಲಕ ವಿಷವನ್ನು ಎಳೆದುಕೊಳ್ಳುತ್ತಿತ್ತು. ನಮ್ಮ ನಲವತ್ತು ಅಡಿಯ ಬಾವಿಗಳು ಆ ಸೀಳನ್ನು ಮುಟ್ಟಿರಲೇ ಇಲ್ಲ.

ಪೂರಕ ಟಿಪ್ಪಣಿಯೊಂದನ್ನು ಸೇರಿಸಿದರೆ ಸಾಕೆಂದು ನಮ್ಮ ಕಚೇರಿಯ ನಿರ್ದೇಶಕರು ಸೂಚಿಸಿದರು. ಮೊದಲನೆಯದನ್ನು ಓದಿದವರೆಲ್ಲ ಎರಡನೆಯದನ್ನು ಓದುತ್ತಾರೆಂಬ ಖಾತ್ರಿಯಿಲ್ಲ ಎಂದು ಮೇಡಂ ಉತ್ತರಿಸಿದರು. "ಬಾವಿಗಳ ಆಳವನ್ನು ನಾನು ತಪ್ಪಾಗಿ ಯೋಜಿಸಿದೆ, ಈ ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ" ಎಂದು ಬರೆದು ಸಹಿ ಹಾಕಿದರು. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಆ ವರ್ಷ ಬರಬೇಕಿದ್ದ ಅವರ ಬಡ್ತಿ ಮೂರು ವರ್ಷ ತಡವಾಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವರು ಇಂದಿಗೂ ಹೇಳುತ್ತಾರೆ, ನಾನು ನಂಬುವುದಿಲ್ಲ.

ಕಾಗದ ಕಳಿಸಿದ ಮೇಲೆ ನನ್ನನ್ನು ಕರೆದರು. "ಕುಡೀರಿ ಅಂದಾಂವ ನೀ, ಅಮರ. ನೀನ ಹೋಗಿ ತಪ್ಪಾತು ಅಂತ ಹೇಳಿ ಬಾ."

ಹೋದೆ. ಮರೆಮ್ಮ ಪೂರ್ತಿ ಕೇಳಿಸಿಕೊಂಡಳು. "ಆವತ್ತ ಕುಡೀರಿ ಅಂದ್ರಿ, ಇವತ್ತ ಬ್ಯಾಡ ಅಂತೀರಿ. ನಾಳೆ ಏನಂತೀರಿ?" ಎಂದಳು. ಆ ಮಾತನ್ನು ಹಾಗೆಯೇ ಬಂದು ಮೇಡಂ ಅವರಿಗೆ ಹೇಳಿದೆ.

ಮೇಡಂ ಆ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡರು. ಹೊಸ ಯೋಜನೆಯಲ್ಲಿ ಒಂದೊಂದು ಜಾಗಕ್ಕೆ ಎರಡೆರಡು ಬಾವಿ, ಒಂದು ಮೇಲ್ಮಟ್ಟದ್ದು, ಇನ್ನೊಂದು ನೂರಿಪ್ಪತ್ತು ಅಡಿಯದು. ಮೇಲಿನ ನೀರು ಪೈಪಿನ ಹೊರಗಿನಿಂದ ಕೆಳಗಿಳಿಯದಂತೆ ಸುತ್ತ ಜೇಡಿಮಣ್ಣಿನ ಬಿಗಿ. ಸೀಳಿನ ಉದ್ದಕ್ಕೂ ನಾಲ್ಕು ಜಾಗ, ಬಸ್ತಿಯ ಆಚೆಗೆ ಒಂದು. ಪ್ರತಿ ಬಾವಿ ಕೊರೆಯುವಾಗಲೂ ಅವರು ರಿಗ್ಗಿನ ಪಕ್ಕದಲ್ಲಿ ನಿಂತಿದ್ದರು. ಮೂರು ತಿಂಗಳಿಗೊಮ್ಮೆ ಬರುವ ಪರೀಕ್ಷೆಯ ಫಲವನ್ನು ಬಸ್ತಿಯಲ್ಲೇ ಕನ್ನಡದಲ್ಲೂ ಮರಾಠಿಯಲ್ಲೂ ಓದಿ ಹೇಳಬೇಕೆಂದು ಗೊತ್ತುಮಾಡಿ, ಓದುವ ಕೆಲಸವನ್ನು ನನಗೇ ಒಪ್ಪಿಸಿದರು. ಮೊದಲ ಸಲ ಆರು ಜನ ಬಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಮರೆಮ್ಮ ಮುಂದಿನ ಸಾಲಿನಲ್ಲಿ ಕೂತು, ಹಿಂದಿನ ಅಂಕಿ ಎಷ್ಟಿತ್ತೆಂದು ನನ್ನನ್ನೇ ಕೇಳುತ್ತಿದ್ದಳು.

ಆ ಬಾವಿಗಳು ಕೊಟ್ಟ ಸಾಕ್ಷ್ಯದ ಮುಂದೆ ಕಾರ್ಖಾನೆಯ ಆಡಳಿತ ಮಣಿಯಿತು. ಹೊಂಡ ಮುಚ್ಚಿತು, ಬಸ್ತಿಗೆ ನಗರಪಾಲಿಕೆಯ ನಳ ಬಂತು, ಸೀಳಿನ ನೀರನ್ನು ಮೇಲೆತ್ತಿ ಶುದ್ಧಿಮಾಡುವ ಕೆಲಸ ಏಳು ವರ್ಷ ನಡೆಯಿತು. 2005ರ ಬೇಸಿಗೆಯಲ್ಲಿ ಕೊನೆಯ ಬಾವಿಯೂ ಮಿತಿಯೊಳಗೆ ಬಂದಾಗ ಮೇಡಂ ಪಟ್ಟಿಯನ್ನು ಎರಡು ಸಲ ನೋಡಿ, "ಇನ್ನೂ ನಾಕ್ ಸಲ ತಗೋ, ಆಮ್ಯಾಲ ನಂಬೂಣು" ಎಂದರು. ನಾಲ್ಕು ಸಲ ತೆಗೆದೆವು, ನಂಬಿದೆವು.

ಈಗ ಹಡಪಸರದ ಒಂದು ಹೊಸ ಜಾಗಕ್ಕೆ ಬಾವಿಗಳ ಯೋಜನೆಯನ್ನು ನಾನು ಸಿದ್ಧಪಡಿಸಿದ್ದೇನೆ. ನಿವೃತ್ತರನ್ನು ಪೀಡಿಸಬಾರದೆಂಬ ಸಂಕೋಚ ಬಿಟ್ಟು ಮೊನ್ನೆ ಅವರ ಮನೆಗೆ ಒಯ್ದಿದ್ದೆ. ಚಹಾ ಆರುವ ತನಕ ನಕ್ಷೆ ನೋಡಿ, ಆ ಕಡೆ ವಾಸವಿರುವವರನ್ನು ಮಾತಾಡಿಸಿದೆಯಾ ಎಂದು ಕೇಳಿದರು; ಐದನೆಯ ಬಾವಿಯನ್ನು ಅಳಿಸಿ ಬೇರೆಡೆ ಗುರುತಿಟ್ಟರು. ಪೂಜ್ಯ ಮೇಡಂ ಅವರಿಗೆ ದೀರ್ಘಾಯುಷ್ಯವನ್ನೂ, ಚುರುಕಾದ ಕಣ್ಣನ್ನೂ, ನಮ್ಮ ತಪ್ಪುಗಳನ್ನು ಹೀಗೆಯೇ ಹುಡುಕಿ ತಿದ್ದುವ ಉತ್ಸಾಹವನ್ನೂ ಭಗವಂತನು ಕರುಣಿಸಲಿ. ಆ ಬಾವಿಯನ್ನು ಅವರು ಹೇಳಿದಲ್ಲಿಯೇ ಕೊರೆಸುತ್ತಿದ್ದೇನೆ.