ನೆಂಟರ ಜಾಕೆಟ್ಟು

ನಮ್ಮ ಮನೆಯ ಒಳ್ಳೆಯ ಲೋಟಗಳಲ್ಲಿ ನಾನು ಇದುವರೆಗೆ ಕಾಫಿ ಕುಡಿದಿಲ್ಲ. ಅವು ಗಾಜಿನ ಬೀರುವಿನಲ್ಲಿ, ಹೂವಿನ ಚಿತ್ತಾರದ ಸಮೇತ, ನೆಂಟರ ನಿರೀಕ್ಷೆಯಲ್ಲಿ ತಪಸ್ಸಿಗೆ ಕೂತಿವೆ. ಕಂಠ ಸೊಟ್ಟಗಾದ ಸ್ಟೀಲ್ ಲೋಟ ಯಜಮಾನನೆನಿಸಿಕೊಂಡ ನನ್ನ ಪಾಲಿಗೆ. ಹೊಸ ಹೊದಿಕೆ, ಮೆತ್ತನೆಯ ದಿಂಬು, ಘಮಘಮಿಸುವ ಸೋಪು ಎಲ್ಲದರ ಭೋಗಾಧಿಕಾರ ಬಂದುಹೋಗುವವರದು, ಕಾವಲು ಮಾತ್ರ ನಮ್ಮದು. ನಗಬೇಡಿ ಮಹಾರಾಯರೇ, ನಿಮ್ಮ ಮನೆಯ ಬೀರುವನ್ನೂ ಒಮ್ಮೆ ತೆಗೆದು ನೋಡಿ. ಕಡೂರಿನಿಂದ ಅಜ್ಜಂಪುರದವರೆಗೆ ನಾನು ಉಂಡ ಮನೆಗಳಲ್ಲೆಲ್ಲ ಇದೇ ಸಂವಿಧಾನ ಜಾರಿಯಲ್ಲಿದೆ.

ಈ ಆತಿಥ್ಯಧರ್ಮ ನೀರಿನ ಮೇಲೂ ನಡೆಯುತ್ತದೆಂದು ತೋರಿಸಿಕೊಟ್ಟವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಅವರ ಊರು ಸಿಂಗಟಗೆರೆಯ ಆಚೆ. ತೆಂಗಿನ ತೋಟವಿರುವುದು ಕೆರೆಯ ಆ ದಡದಲ್ಲಿ. ಎಷ್ಟೋ ವರ್ಷ ಕೆರೆಯೆಂಬುದು ಹೆಸರಿಗಷ್ಟೇ ಇದ್ದು, ಅದರ ಅಂಗಳದ ತುಂಬ ಜಾಲಿ ಬೆಳೆದು, ನಡುವಿನ ಬಂಡಿಜಾಡಿನಲ್ಲೇ ಭಾವ ತೋಟಕ್ಕೆ ಹೋಗಿಬರುತ್ತಿದ್ದರು. ಈಚೆಗೆ ಮಳೆ ಧಾರಾಳವಾಗಿ ಸುರಿದು ಕೆರೆ ತುಂಬಿತು, ಜಾಡು ಮುಳುಗಿತು. ಏರಿ ಸುತ್ತಿಕೊಂಡು ಹೋಗುವ ತಾಳ್ಮೆಯಿಲ್ಲದ ಭಾವ ಎಲ್ಲಿಂದಲೋ ಒಂದು ಹಳೆಯ ಮೋಟಾರ್ ದೋಣಿ ತಂದರು. ಬಯಲುಸೀಮೆಯವರಿಗೆ ದೋಣಿ ಹೊಸದು. ಪೂಜೆಯ ದಿನ ನಿಂಬೆಹಣ್ಣನ್ನು ಯಾವ ಗಾಲಿಯಡಿ ಇಡಬೇಕೆಂದು ಊರ ಹಿರಿಯರು ಬಹಳ ಹೊತ್ತು ಚರ್ಚಿಸಿದರಂತೆ.

ಭಾವನಿಗೆ ಈಜು ಬಾರದು. ಸಂಜೆ ದೋಣಿಯ ಸದ್ದು ಈ ದಡದಲ್ಲಿ ಕೇಳುವವರೆಗೆ ಅಕ್ಕನ ಗಂಟಲಲ್ಲಿ ಅನ್ನ ಇಳಿಯದು. ಅವಳ ಕಾಟ ತಾಳಲಾರದೆ ನಾನೇ ಶಿವಮೊಗ್ಗದಿಂದ ಎರಡು ಲೈಫ್ ಜಾಕೆಟ್ ತಂದುಕೊಟ್ಟೆ: ಒಂದು ದೋಣಿ ನಡೆಸುವವರಿಗೆ, ಇನ್ನೊಂದು ಜೊತೆಗೆ ಕೂರುವವರಿಗೆ. ಭಾವ ಅವನ್ನು ಬಹಳ ಮೆಚ್ಚಿದರು. ಮೆಚ್ಚಿದ್ದೇ ಎಡವಟ್ಟಾಯಿತು. ಅಷ್ಟು ಚೆಂದದ ಕಿತ್ತಳೆ ಬಣ್ಣದ ವಸ್ತುವನ್ನು ದಿನಬಳಕೆಗೆ ಹಾಕಿ ಹಾಳುಮಾಡುವುದುಂಟೇ? ಎರಡಕ್ಕೂ ವಿಭೂತಿ ಹಚ್ಚಿ, ಪ್ಲಾಸ್ಟಿಕ್ ಕವರಿನ ಸಮೇತ, ಮದುವೆಯ ಶಾಲಿನ ಪಕ್ಕ ಬೀರುವಿನಲ್ಲಿಟ್ಟರು.

ಕಳೆದ ಸಲ ನಾನು ಹೋದಾಗ ತೋಟ ತೋರಿಸಲು ಹೊರಟರು. ಒಂದು ಜಾಕೆಟ್ಟನ್ನು ಹೊರತೆಗೆದು ನನಗೆ ತಾವೇ ತೊಡಿಸಿ, ಬಕಲ್ ಬಿಗಿದು, ಮದುಮಗನನ್ನು ನೋಡುವಂತೆ ದೂರ ನಿಂತು ನೋಡಿದರು. ಅವರ ಮೈಮೇಲೆ ಬನಿಯನ್ನು, ಹೆಗಲಿಗೊಂದು ಟವೆಲು, ಅಷ್ಟೇ.

"ನೀವೂ ಒಂದು ಹಾಕ್ಕಳ್ರೀ" ಎಂದು ಅಕ್ಕ ಗೋಗರೆದಳು.

"ಎರಡೂ ಮಾಸಿಹೋದ್ರೆ ನಾಳೆ ಬೀಗರು ಬಂದಾಗ ಏನ್ ಕೊಡ್ತೀಯೆ? ಅವನು ನೆಂಟ, ಹಾಕ್ಕಂಡವ್ನೆ. ನಾನು ಮನೆಯೋನು ಕಣೇ" ಎಂದರು ಭಾವ.

ವಾದ ನನಗೂ ಸರಿಯೆನಿಸಿತು ನೋಡಿ! ಹುಟ್ಟಿದಾಗಿನಿಂದ ಕೇಳಿದ ತರ್ಕ, ತಪ್ಪೆಂದು ಹೊಳೆಯುವುದಾದರೂ ಹೇಗೆ?

ಕೆರೆಯ ನಡುವೆ, ಮುಳುಗಿದ ಜಾಲಿಯ ಕೊಂಬೆಗೆ ಇಂಜಿನ್ನಿನ ಫ್ಯಾನು ಸಿಕ್ಕಿಕೊಂಡಿತು. ಭಾವ ಇಂಜಿನ್ ಆಫ್ ಮಾಡಿ, ಟವೆಲು ಪಕ್ಕಕ್ಕಿಟ್ಟು, ಬಗ್ಗಿ ನೀರಲ್ಲಿ ಕೈಯಾಡಿಸಿದರು. ದೋಣಿ ವಾಲಿತು. ಮರುಕ್ಷಣ ಅವರಿದ್ದ ಜಾಗ ಖಾಲಿ. ಅಯ್ಯೋ ಎನ್ನುವಷ್ಟರಲ್ಲಿ ನೀರಿನಿಂದ ಎರಡು ಕೈ ಮೇಲೆ ಬಂದು, ಹೊರಗೆ ತಲೆಚಾಚಿದ್ದ ಜಾಲಿಯ ತುದಿಯನ್ನು ಮುಳ್ಳು ಸಮೇತ ತಬ್ಬಿಕೊಂಡವು. ನಾನೋ, ಸರ್ವಾಲಂಕಾರಭೂಷಿತನಾಗಿ, ಬಿದ್ದರೂ ಮುಳುಗಲಾರದವನಾಗಿ, ದೋಣಿಯ ಅಂಚು ಹಿಡಿದು ಕೂತಿದ್ದೆ. ಕೊನೆಗೆ ಟವೆಲಿನ ಒಂದು ತುದಿ ಹಿಡಿದು ಇನ್ನೊಂದನ್ನು ಅವರತ್ತ ಎಸೆದೆ. ಹೇಗೆ ಒಳಗೆಳೆದುಕೊಂಡೆನೋ ಶಿವನೇ ಬಲ್ಲ. ಉಸಿರು ಸ್ಥಿಮಿತಕ್ಕೆ ಬಂದಮೇಲೆ ಭಾವ ಆಡಿದ ಮೊದಲ ಮಾತು, "ಜಾಕೆಟ್ ನೆಂದಿಲ್ಲ ತಾನೆ?"

ನಗು ಬರಲಿಲ್ಲ. ನಮ್ಮವರು ಜೀವವನ್ನು ಅಗ್ಗವೆಂದು ತಿಳಿದವರಲ್ಲ. ಬಂದವರ ಜೀವವನ್ನು ಬೀರುವಿನಲ್ಲಿಟ್ಟು ಪೂಜಿಸಿ, ತಮ್ಮದನ್ನು ಮಾತ್ರ ದಿನಬಳಕೆಯ ಪಾತ್ರೆಗಳ ಜೊತೆ ಸೇರಿಸಿಬಿಡುತ್ತಾರೆ. ಇದಕ್ಕೆ ನಿಸ್ವಾರ್ಥವೆಂಬ ದೊಡ್ಡ ಹೆಸರಿದೆ, ನಾನೂ ಅದನ್ನು ಹೊಗಳಿದವನೇ. ಆದರೆ ಫ್ಯಾನನ್ನು ಕೊಂಬೆಯಿಂದ ಬಿಡಿಸಿಕೊಂಡು ದಡ ಸೇರಿದಾಗ, ಇಂಜಿನ್ನಿನ ಸದ್ದು ನಡುನೀರಲ್ಲಿ ನಿಂತದ್ದು ಕೇಳಿ ಬರಿಗಾಲಲ್ಲಿ ಏರಿಗೆ ಓಡಿಬಂದಿದ್ದ ಅಕ್ಕನ ಮುಖ ನೋಡಿದ ಮೇಲೆ, ಹಾಗೆ ತನ್ನನ್ನು ತಾನೇ ಕಡೆಗಣಿಸುವವನು ಕಡೆಗಣಿಸುವುದು ತನ್ನೊಬ್ಬನನ್ನೇ ಅಲ್ಲವೆಂದು ಅರ್ಥವಾಯಿತು.

ಅಕ್ಕ ಅಂದು ಭಾವನ ಅಂಗೈಯ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಅರಿಶಿನ ಹಚ್ಚಿದಳು. ಮಾರನೆಯ ಬೆಳಿಗ್ಗೆ ಅವರು ಮತ್ತೆ ತೋಟಕ್ಕೆ ಹೊರಟಾಗ ಎರಡನೆಯ ಜಾಕೆಟ್ಟು ಹಿಡಿದು ಅಡ್ಡ ನಿಂತಳು. ನಮ್ಮೆದುರೇ ಅದರ ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಹರಿದಳು.

"ಅದು ನೆಂಟರಿಗೆ ಕಣೇ" ಎಂದು ಭಾವ ಗೊಣಗಿದರು.

"ದಿನಾ ಸಾಯಂಕಾಲ ನಾನು ದಾರಿ ಕಾಯೋ ನೆಂಟ್ರು ನೀವೊಬ್ರೇ ಕಣ್ರೀ" ಎಂದಳು ಅಕ್ಕ. "ಎತ್ರೀ ಕೈನ."

ಭಾವ ಗಾಯದ ಕೈಗಳೆರಡನ್ನೂ ಮೇಲೆತ್ತಿ ನಿಂತರು. ಅಕ್ಕ ಬಕಲ್ ಬಿಗಿದಳು.